ತಂತಿಯ ಮೇಲೆ ಪುಟ್ಟಿ ನಿಲ್ಲದಿದ್ದರೆ: ಯೋಧನ ಪುಟ್ಟ ಗೊಂಬೆ ಮಾಡಿದ ನನ್ನ ಅನುಭವ

ಗೊಂಬೆಯ ಎತ್ತರ 32 ಮಿ.ಮೀ. ಒಳಗೆ ತಂತಿ, ಮೇಲೆ ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿ, ಅಂದರೆ ನೀಲಿ, ಹಳದಿ ಎರಡು ಭಾಗ ಬೆರೆಸಿದಾಗ ನಿಧಾನವಾಗಿ ಗಟ್ಟಿಯಾಗುವ ಅಂಟು ಮುದ್ದೆ. ಎದೆಕವಚಕ್ಕೆ ಗೆರೆ ಎಳೆಯಲು ಸ್ವಲ್ಪ ಒತ್ತಿದರೂ ಇಡೀ ಮುದ್ದೆ ತಂತಿಯ ಸುತ್ತ ತಿರುಗುತ್ತಿತ್ತು. ಅದನ್ನು ಸರಿಮಾಡುವಷ್ಟರಲ್ಲಿ ಬೆರಳು ತಾಗಿ ಕಾಲು ಚಪ್ಪಟೆ.

ತಂತಿಯನ್ನು ಮರಳು ಕಾಗದದಿಂದ ಉಜ್ಜಿದೆ, ಸಾಲಲಿಲ್ಲ. ಸೂಪರ್ ಗ್ಲೂ ಹಚ್ಚಿದೆ, ಅದೂ ಬಿಟ್ಟುಕೊಂಡಿತು. ನೀಲಿ ಭಾಗ ಜಾಸ್ತಿ ಹಾಕಿದೆ. ಪುಟ್ಟಿ ಗಟ್ಟಿಯಾಯಿತು ನಿಜ, ಆದರೆ ಅಂಟು ಕಡಿಮೆಯಾಗಿ ಇನ್ನಷ್ಟು ಜಾರಿತು.

ಕೊನೆಗೆ ಕೆಲಸ ಮಾಡಿದ್ದು ಪದರ ಪದರವಾಗಿ ಹೋಗುವ ಕ್ರಮ. ಒಂಟಿ ತಂತಿ ಬಿಟ್ಟು 0.5 ಮಿ.ಮೀ.ನ ಎರಡು ತಂತಿ ಹೊಸೆದೆ. ಆ ತಿರುವುಗಳಲ್ಲೇ ಪುಟ್ಟಿಗೆ ಹಿಡಿತ ಸಿಗುತ್ತದೆ. ಪಾದದ ತುದಿಗಳನ್ನು ಕಾರ್ಕ್‌ಗೆ ಚುಚ್ಚಿ, ಭಂಗಿಯನ್ನು ಮೊದಲೇ ಪಕ್ಕಾ ಮಾಡಿಕೊಂಡೆ. ಆಮೇಲೆ ಬಗ್ಗಿಸುವಂತಿಲ್ಲ.

ಪುಟ್ಟಿ ಪಟ್ಟಿಯ ರೂಪದಲ್ಲಿದ್ದರೆ ಅದರಲ್ಲಿ ನೀಲಿ, ಹಳದಿ ತಾಗುವ ನಡುವಿನ ಗೆರೆಯನ್ನು ಕತ್ತರಿಸಿ ಎಸೆಯಿರಿ. ಅಲ್ಲಿ ಮೊದಲೇ ಗಟ್ಟಿಯಾದ ಕಾಳುಗಳಿರುತ್ತವೆ. ಎರಡನ್ನೂ ಸಮ ಪಾಲು ತೆಗೆದುಕೊಂಡು ಒಂದೇ ಹಸಿರು ಬರುವವರೆಗೆ ನಾದಿ. ಕೈಗವಸು ಇರಲಿ.

ಮೊದಲ ದಿನ ತಂತಿಗೆ ತೆಳ್ಳಗಿನ ಲೇಪ ಮಾತ್ರ. 24 ಗಂಟೆ ಮುಟ್ಟಬೇಡಿ. ಎರಡನೇ ದಿನ ಮೈಕಟ್ಟು, ಬೇಕಾದ ಗಾತ್ರಕ್ಕಿಂತ ಸಣ್ಣದಾಗಿ, ಏಕೆಂದರೆ ಕವಚ ಅದರ ಮೇಲೆ ಕೂರಬೇಕಲ್ವಾ? ಮತ್ತೆ 24 ಗಂಟೆ. ಮೂರನೇ ದಿನ ಎದೆಕವಚ: ಪುಟ್ಟಿ ಕೂರಿಸಿ ಅರ್ಧ ಗಂಟೆ ಬಿಟ್ಟು, ಒದ್ದೆ ಉಪಕರಣದಿಂದ ಗೆರೆ ಎಳೆಯಿರಿ. ಉಪಕರಣ ಮಾತ್ರ ಒದ್ದೆಯಾಗಿರಲಿ, ಕೆಳಗಿನ ಪದರ ಒಣಗಿರಬೇಕು. ಕೈ, ಕತ್ತಿ, ಮೇಲಂಗಿ ಕೊನೆಗೆ.