ಮನೆಯವರನ್ನೆಲ್ಲ ಬೀಚಿಗೆ ಕರ್ಕೊಂಡು ಹೋಗುದಾದ್ರೆ ಮೊದ್ಲು ಕಾರಲ್ಲಿ ಯಾರ್ಯಾರು ಉಂಟು ನೋಡಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಮನೆಗೆ ಬೆಂಗ್ಳೂರಿಂದ ಫೋನ್ ಶುರು. "ಮಾವ, ಒಂದ್ಕಡೆ ನದಿ ಒಂದ್ಕಡೆ ಸಮುದ್ರ ನಡುವೆ ರೋಡು, ಆ ಬೀಚಿಗೆ ಹೋಗೋಣ್ವಾ" ಅಂತ. ಅದು ಮರವಂತೆ ಮಾರಾಯ್ರೆ, ಉಡುಪಿಯಿಂದ್ಲೇ 50 ಕಿಲೋಮೀಟರ್ ಮೇಲೆ ಉಂಟು, ಮಂಗ್ಳೂರಿಂದ ಅಂದ್ರೆ ಹೋಗಿ ಬರುದ್ರಲ್ಲೇ ಅರ್ಧ ದಿನ ಮುಗೀತು. ನಾನು ತಿರುಗಿ ಕೇಳುದು ಒಂದೇ, ಯಾರ್ಯಾರು ಬರ್ತಿದ್ದೀರಿ? ಯಾಕಂದ್ರೆ ಫೋಟೋ ನೋಡಿ ಬೀಚ್ ಆರಿಸಿ ನಾನು ಒಮ್ಮೆ ಸರೀ ಬುದ್ಧಿ ಕಲ್ತಿದ್ದೇನೆ.

ಎಂತ ಆದದ್ದು ಅಂದ್ರೆ, ಒಂಬತ್ತು ಜನ, ಎರಡು ಕಾರು, ಅದ್ರಲ್ಲಿ ಮಂಡಿನೋವಿನ ಅತ್ತೆ ಒಬ್ರು, ಎರಡು ವರ್ಷದ ಮಗು ಒಂದು. ಹೋದದ್ದು ಯಾರೂ ಇಲ್ಲದ ಚಂದದ ಒಂದು ಬೀಚಿಗೆ, ಹೆಸರು ಬೇಡ. ಯಾರೂ ಇಲ್ಲ ಅಂದ್ರೆ ಟಾಯ್ಲೆಟೂ ಇಲ್ಲ ಅಂತ ನಮಗೆ ಹೊಳೀಲೇ ಇಲ್ಲ. ಅತ್ತೆ ಪಾಪ ಬಾಯಿಬಿಟ್ಟು ಹೇಳ್ಲಿಲ್ಲ, ಎರಡು ಗಂಟೆ ನೀರೂ ಕುಡಿಯದೆ ಕಾರಲ್ಲೇ ಕೂತಿದ್ರು, ಕೊನೆಗೆ ಹೈವೇಗೆ ಬಂದು ಹೋಟೆಲ್ ಹುಡ್ಕಿದ್ದು. ಮನೆಗೆ ಬಂದ್ಮೇಲೆ ನನ್ನ ಹೆಂಡ್ತಿ ನನ್ನ ಹತ್ರ ಎಂತ ಹೇಳಿದ್ಲು ಅಂತ ಇಲ್ಲಿ ಬರೀಲಿಕ್ಕೆ ಆಗುದಿಲ್ಲ.

ಹಾಗಾಗಿ ವಯಸ್ಸಾದವ್ರು, ಸಣ್ಣ ಮಕ್ಕಳು ಇದ್ರೆ ಟಾಯ್ಲೆಟ್, ಕಾರಿಂದ ನೀರಿಗೆ ಎಷ್ಟು ನಡೀಬೇಕು, ಕೂತ್ಕೊಳ್ಳಿಕ್ಕೆ ನೆರಳು ಉಂಟಾ, ಈ ಮೂರು ನೋಡಿದ ಮೇಲೆ ಮತ್ತೆ ಚಂದ. ನನ್ನ ಲೆಕ್ಕದಲ್ಲಿ ಇಂಥ ಬಳಗಕ್ಕೆ ಪಡುಬಿದ್ರಿ ಎಂಡ್ ಪಾಯಿಂಟ್ ಮೊದ್ಲು. 2020ರಲ್ಲಿ ಹೊನ್ನಾವರದ ಕಾಸರಕೋಡಿನ ಜೊತೆ ಅದಕ್ಕೂ ಬ್ಲೂ ಫ್ಲ್ಯಾಗ್, ಅಂದ್ರೆ ಚೊಕ್ಕ, ಸುರಕ್ಷಿತ ಬೀಚಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ, ಸಿಕ್ಕಿದ್ದು. ಅದು ಬರೀ ಬಾವುಟ ಅಲ್ಲ, ಅದು ಸಿಗ್ಬೇಕಾದ್ರೆ ನೀರು ಟೆಸ್ಟ್ ಮಾಡ್ತಾ ಇರ್ಬೇಕು, ಟಾಯ್ಲೆಟ್ಟು, ಬಟ್ಟೆ ಬದಲಾಯಿಸ್ಲಿಕ್ಕೆ ರೂಮು, ಲೈಫ್‌ಗಾರ್ಡ್ ಎಲ್ಲ ಇರ್ಬೇಕು. ದುಡ್ಡು ಕೊಡ್ಬೇಕಾಗ್ತದೆ, ಕೊಡಿ, ಹೆಂಗಸ್ರು ಒದ್ದೆ ಬಟ್ಟೇಲಿ ಟವೆಲ್ ಅಡ್ಡ ಹಿಡ್ಕೊಂಡು ಕಾರಿನ ಹಿಂದೆ ನಿಲ್ಲುದಕ್ಕಿಂತ ಅದು ಎಷ್ಟೋ ಮೇಲು.

ಇನ್ನು ಹೊತ್ತು. ನಮ್ಮದು ಪಶ್ಚಿಮದ ಕಡಲು ಅಲ್ವಾ, ಸೂರ್ಯ ಬೆಳಿಗ್ಗೆ ನಮ್ಮ ಬೆನ್ನ ಹಿಂದೆ ಹುಟ್ಟುದು. ದಡದ ತೆಂಗಿನ ಮರ, ಗಾಳಿಮರದ ನೆರಳು ಬೆಳಿಗ್ಗೆ ಹೊಯ್ಗೆ (ಮರಳು) ಮೇಲೆ ಬೀಳ್ತದೆ, ಮಧ್ಯಾಹ್ನ ಕಳೀತು ಅಂದ್ರೆ ಅದೇ ನೆರಳು ಹಿಂದೆ ರೋಡಿಗೆ ಹೋಗಿರ್ತದೆ, ಬಿಸಿಲು ನೇರ ಮುಖಕ್ಕೆ. ಮತ್ತೆ ಹೊತ್ತು ಏರಿದ ಹಾಗೆ ಕಡಲಿಂದ ಗಾಳಿ ಬೀಸ್ಲಿಕ್ಕೆ ಶುರು, ತೆರೆಯೂ ಜಾಸ್ತಿ. ಆದ್ರೂ ಎಲ್ರೂ ಬರುದು ನಾಲ್ಕು ಗಂಟೆಗೆ, ಸನ್‌ಸೆಟ್ ಬೇಕಲ್ಲ! ಮಗು ನೀರಾಡ್ಬೇಕು ಅಂತಿದ್ರೆ ಬೆಳಿಗ್ಗೆ ಏಳಕ್ಕೇ ಹೋಗಿ ಹತ್ತರೊಳಗೆ ಎದ್ದು ಬನ್ನಿ. ಸೂರ್ಯ ಮುಳುಗುದು ನೋಡ್ಲಿಕ್ಕೆ ಬೇಕಾದ್ರೆ ಇನ್ನೊಂದು ದಿನ ಕಾಪುಗೆ ಹೋಗಿ, 1901ರ ಲೈಟ್‌ಹೌಸ್ ಅದು, ಬಂಡೆ ಮೇಲೆ ನಿಂತದ್ದು, ಮೇಲೆ ಹತ್ತಲಿಕ್ಕೆ ಬಿಡುದು ಸಂಜೆ ಹೊತ್ತಿಗೆ. ಮಂಡಿನೋವಿನವ್ರು ಕೆಳಗೆ ಚರುಮುರಿ ತಿಂತಾ ಕೂತ್ಕೊಳ್ಳುದು. ಆದ್ರೆ ಆ ಬಂಡೆ ಹತ್ರ ನೀರಿಗೆ ಇಳಿಯುದು ಬೇಡ, ಪಾಚಿ ಜಾರ್ತದೆ, ತೆರೆ ಎತ್ತಿ ಕಲ್ಲಿಗೇ ಹೊಡೀತದೆ.

ನೀರಿಗೆ ಇಳಿಯುವ ಬೀಚ್ ಯಾವುದು, ದೂರದಿಂದ ನೋಡುವ ಬೀಚ್ ಯಾವುದು ಅಂತ ಗೊತ್ತಾಗ್ಲಿಕ್ಕೆ ಕಾಲೇ ಸಾಕು. ಚಪ್ಪಲಿ ತೆಗೆದು ನಡೀರಿ. ಹೊಯ್ಗೆ ದಪ್ಪ ದಪ್ಪ, ಕಾಲು ಹೂತುಹೋಗ್ತದೆ, ದಡ ಇಳಿಜಾರಾಗಿ ಒಮ್ಮೆಲೇ ನೀರಿಗೆ ಬೀಳ್ತದೆ ಅಂತಾದ್ರೆ ಅಲ್ಲಿ ತೆರೆ ದಡಕ್ಕೇ ಬಂದು ಧೊಪ್ಪ ಅಂತ ಬೀಳುದು, ಎರಡು ಹೆಜ್ಜೆಗೆ ಎದೆಮಟ್ಟ ನೀರು. ಮರವಂತೆ ಹಾಗೆ, ಜೊತೆಗೆ ತಡೆಗೋಡೆಯ ಕಲ್ಲು ಬೇರೆ. ನೋಡಿ, ಫೋಟೋ ತೆಗೀರಿ, ಸೌಪರ್ಣಿಕಾ ನದಿ ಕಡೆ ತಿರುಗಿ ಇನ್ನೊಂದು ತೆಗೀರಿ, ಅಷ್ಟೆ. ಹೊಯ್ಗೆ ಹಿಟ್ಟಿನ ಹಾಗೆ ಸಣ್ಣ, ಒದ್ದೆ ಜಾಗ ಗಟ್ಟಿ, ತೆರೆ ಎಲ್ಲೋ ದೂರದಲ್ಲಿ ಒಡೆದು ನೊರೆ ಮಾತ್ರ ದಡಕ್ಕೆ ಬರುದಾದ್ರೆ ಅದು ಮಕ್ಕಳಿಗೆ ಆಗ್ತದೆ. ಮಲ್ಪೆ ಹಾಗೆ ಚಪ್ಪಟೆ, ಕ್ರಿಕೆಟ್ ಆಡ್ಲಿಕ್ಕೂ ಆಗ್ತದೆ. ಭಾನುವಾರ ಸಂಜೆ ಮಾತ್ರ ಅಲ್ಲಿ ಹೊಯ್ಗೆಗಿಂತ ಜನ ಜಾಸ್ತಿ. ನಮ್ಮ ಪಣಂಬೂರಿನ ಕಥೆಯೂ ಅದೇ, ತಿಂಡಿ ಅಂಗಡಿ, ಲೈಫ್‌ಗಾರ್ಡ್ ಎಲ್ಲ ಉಂಟು, ಪಾರ್ಕಿಂಗಿಗೆ ಮಾತ್ರ ತಾಳ್ಮೆ ಬೇಕು.

ಅಳಿವೆ ಬಾಗಿಲು, ಅಂದ್ರೆ ನದಿ ಕಡಲು ಸೇರುವ ಜಾಗದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೇನೆ. ಶಾಂಭವಿ ನಂದಿನಿ ಸೇರುವ ಸಸಿಹಿತ್ಲು, ಸೀತಾ ಸುವರ್ಣಾ ಸೇರುವ ಕೋಡಿ ಬೆಂಗ್ರೆ, ಎರಡೂ ಬಹಳ ಚಂದ. ನದಿ ಕಡೆ ನೀರು ಕೆರೆ ಹಾಗೆ ಸುಮ್ಮನೆ ನಿಂತ ಹಾಗೆ ಕಾಣ್ತದೆ, ಹೊರಗಿಂದ ಬಂದವ್ರು ಮಕ್ಕಳನ್ನ ಅಲ್ಲೇ ಬಿಡುದು, ತೆರೆ ಇಲ್ಲ ಅಲ್ವಾ ಅಂತ. ಇಳಿತದ ಹೊತ್ತಿಗೆ ಇಡೀ ನದಿ ಆ ಬಾಗಿಲಲ್ಲಿ ಕಡಲಿಗೆ ಓಡುದು ಮಾರಾಯ್ರೆ, ಈಜು ಬರುವವ್ರನ್ನೂ ಎಳೀತದೆ. ಕಡಲಲ್ಲೂ ಹಾಗೇ, ಎರಡು ಕಡೆ ಬಿಳಿ ನೊರೆ ಇದ್ದು ನಡುವೆ ಮಾತ್ರ ತೆರೆ ಒಡೆಯದೆ ಕಂದು ಬಣ್ಣದ ಓಣಿ ಹಾಗೆ ಕಂಡ್ರೆ ಅದು ಶಾಂತ ಜಾಗ ಅಲ್ಲ, ನೀರು ವಾಪಸ್ ಹೋಗುವ ದಾರಿ. ಯಾರಾದ್ರೂ ಅದ್ರಲ್ಲಿ ಸಿಕ್ಕಿಬಿದ್ರೆ ದಡದ ಕಡೆ ಎದುರಾಗಿ ಈಜಬಾರ್ದು, ಸುಸ್ತಾಗುದು ಅಲ್ಲೇ, ದಡದ ಉದ್ದಕ್ಕೆ ಅಡ್ಡ ಈಜಿ ಹೊರಗೆ ಬರ್ಬೇಕು. ದಡದಲ್ಲಿ ಇದ್ದವ್ರು ಹಾರ್ಲಿಕ್ಕೆ ಹೋಗ್ಬೇಡಿ, ತೇಲುವಂಥದ್ದು ಎಂತಾದ್ರೂ ಎಸೀರಿ, ಲೈಫ್‌ಗಾರ್ಡನ್ನ ಕೂಗಿ, 112ಕ್ಕೆ ಫೋನ್ ಮಾಡಿ. ಉಳ್ಳಾಲದ ಸೋಮೇಶ್ವರವೂ ನೋಡುವ ಬೀಚೇ, ದೇವಸ್ಥಾನದ ಹತ್ರ ಎತ್ತರದಲ್ಲಿ ನಿಂತು ಕಡಲು ನೋಡಿದ್ರೆ ಅಲ್ಲಿಗೆ ಮುಗೀತು.

ಮಕ್ಕಳು ಸ್ವಲ್ಪ ದೊಡ್ಡವ್ರಾದ್ರೆ ಲೆಕ್ಕ ಬೇರೆ, ಅವ್ರಿಗೆ ಬೀಚಿಗಿಂತ ದೋಣಿ ಇಷ್ಟ. ಸುಲ್ತಾನ್ ಬತ್ತೇರಿಯ ಟಿಪ್ಪುವಿನ ಬುರುಜು ತೋರಿಸಿ, ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋಗಿ, ಹತ್ರವೇ ಟ್ರೀ ಪಾರ್ಕೂ ಉಂಟು. ವಾಪಸ್ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗ್ಲೇ ಕೇಳ್ಕೊಳ್ಳಿ. ಇನ್ನೂ ದೊಡ್ಡದು ಬೇಕಾದ್ರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದ ಅಂತ ಹೇಳುವ ಜಾಗ, ಆದ್ರೆ ಕಥೆಗಿಂತ ಕಲ್ಲು ನೋಡ್ಬೇಕು, ಮಡಗಾಸ್ಕರ್ ನಮ್ಮಿಂದ ಬೇರೆ ಆಗುವ ಕಾಲದ ಲಾವಾ ತಣ್ಣಗಾಗಿ ಕಂಬ ಕಂಬ ಆಗಿ ನಿಂತದ್ದು, 8 ಕೋಟಿ ವರ್ಷಕ್ಕಿಂತ ಹಳೇದು. ಬೋಟ್ ಹತ್ತಿ ಇಳೀಬೇಕು, ಚೂಪು ಕಲ್ಲು, ನೆರಳು ಕಮ್ಮಿ, ಹಾಗಾಗಿ ಅತ್ತೆಯಂದಿರಿಗೆ ಆಗ್ಲಿಕ್ಕಿಲ್ಲ.

ಜೂನಿಂದ ಸೆಪ್ಟೆಂಬರ್ ತನಕ ಇದ್ಯಾವುದೂ ಇಲ್ಲ, ದ್ವೀಪದ ಬೋಟೂ ಬಂದ್. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲು ಗೊತ್ತಿದ್ದವ್ರ ಬೋಟೇ ದಡದಲ್ಲಿ ಇರುವಾಗ ನಿಮಗೆ ಎಂತ ಕೆಲ್ಸ ಅಲ್ಲಿ? ಮಳೆಗಾಲದ ಕಡಲು ಕಾರಲ್ಲಿ ಕೂತು ಗೋಳಿಬಜೆ ತಿಂತಾ ನೋಡ್ಲಿಕ್ಕೆ ಇರುದು.

ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಹಾಗಾಗಿ ಹೋದ ವಾರ ಅಗಲ ಇದ್ದ ಬೀಚು ಈ ವಾರ ಅದೇ ಹೊತ್ತಿಗೆ ಅರ್ಧ ಮಾಯ ಆಗಿರ್ಬಹುದು. ಮೊಬೈಲಲ್ಲಿ ಟೈಡ್ ಟೈಮ್ ಸಿಗ್ತದೆ. ಗೋಡೆ ಕ್ಯಾಲೆಂಡರಲ್ಲಿ ಅಮಾವಾಸ್ಯೆ ಹುಣ್ಣಿಮೆಯನ್ನೂ ನೋಡಿ, ಆಗ ಏರುದೂ ಜಾಸ್ತಿ ಇಳಿಯುದೂ ಜಾಸ್ತಿ, ಚಾಪೆ ಚಪ್ಪಲಿ ಸ್ವಲ್ಪ ಮೇಲೇ ಇಡಿ.

ಡಿಕ್ಕಿಯಲ್ಲಿ 20 ಲೀಟರಿನ ಒಂದು ಕ್ಯಾನ್ ನೀರು, ಒಂದು ಚೊಂಬು, ಬೇಬಿ ಪೌಡರ್ ಇರ್ಲಿ. ಕಾಲು ಒಣಗಿಸಿ ಪೌಡರ್ ಹಾಕಿ ಉಜ್ಜಿದ್ರೆ ಹೊಯ್ಗೆ ತನ್ನಷ್ಟಕ್ಕೆ ಉದುರ್ತದೆ, ನೀರು ಹಾಕಿ ತೊಳೆದಷ್ಟೂ ಅದು ಬೆರಳ ಸಂದಿಗೆ ಹೋಗಿ ಕೂತ್ಕೊಳ್ಳುದು. ಬಚ್ಚಂಗಾಯಿ (ಕಲ್ಲಂಗಡಿ) ಮನೆಯಲ್ಲೇ ಕತ್ತರಿಸಿ ಡಬ್ಬಕ್ಕೆ ಹಾಕಿ. ಕಾರಿನ ಮ್ಯಾಟ್ ತೆಗೆದು ಮನೇಲೇ ಬಿಟ್ಟು ಹಳೇ ಪೇಪರ್ ಹಾಸಿ ಹೋಗಿ, ಹೋದ ಡಿಸೆಂಬರಿನ ಹೊಯ್ಗೆ ನನ್ನ ಕಾರಲ್ಲಿ ಇನ್ನೂ ಉಂಟು.