ಆರನೇ ವರ್ಷದ ದವಡೆ ಹಲ್ಲಿಗೆ ಸೀಲೆಂಟ್ ಹಚ್ಚುವಾಗ

ಬಾಗೇಪಲ್ಲಿಯ ನನ್ನ ಕ್ಲಿನಿಕ್ಕಿಗೆ ಮಕ್ಕಳನ್ನು ಕರೆತರುವ ತಾಯಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: "ಬೀಳುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಡಾಕ್ಟರೇ?" ಬಾಯಿ ತೆರೆಸಿ, ಕನ್ನಡಿ ಹಿಡಿದು ತೋರಿಸುತ್ತೇನೆ. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಹುಟ್ಟುವ ಈ ದವಡೆ ಹಲ್ಲು ಮುಪ್ಪಿನವರೆಗೂ ಬಾಳಬೇಕಾದದ್ದು. ಅದರ ಮೇಲಿನ ಗೀರುಗಳು ತೀರಾ ಕಿರಿದು, ಬ್ರಷ್ಷಿನ ಎಳೆ ಒಳಗೆ ಇಳಿಯುವುದಿಲ್ಲ. ಹುಳುಕು ಶುರುವಾಗುವುದು ಅಲ್ಲೇ.

ಆ ಗೀರುಗಳನ್ನು ಮುಚ್ಚುವ ತೆಳು ರಾಳದ ಪದರವೇ ಸೀಲೆಂಟ್. ಹಲ್ಲು ಕೊರೆಯುವುದಿಲ್ಲ, ಚುಚ್ಚುಮದ್ದೂ ಬೇಡ. ಹಲ್ಲನ್ನು ಶುಚಿಮಾಡಿ, ಕೆನ್ನೆ ಮತ್ತು ನಾಲಗೆಯ ಪಕ್ಕ ಹತ್ತಿಯ ಸುರುಳಿ ಇಟ್ಟು, ರಾಳ ಕಚ್ಚಿಕೊಳ್ಳುವಂತೆ ಹಲ್ಲಿನ ಮೇಲ್ಮೈ ಒರಟಾಗಲೆಂದು ಶೇ 37ರ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚುತ್ತೇನೆ. ಸಾಮಾನ್ಯವಾಗಿ 15ರಿಂದ 30 ಸೆಕೆಂಡು ಸಾಕು. ಆದರೆ ನಮ್ಮ ಕಡೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಕಲೆಗಟ್ಟಿದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಇನ್ನಷ್ಟು ಹೊತ್ತು ಬಿಡಬೇಕಾಗುತ್ತದೆ. ತೊಳೆದು ಗಾಳಿಯೂದಿದಾಗ ಮಿರುಗು ಪೂರ್ತಿ ಹೋಗಿ ಹಲ್ಲು ಸೀಮೆಸುಣ್ಣದಂತೆ ಬಿಳಿಚಿಕೊಳ್ಳಬೇಕು.

ಮುಂದಿನ ಕೆಲವು ಕ್ಷಣಗಳಲ್ಲೇ ಈ ಕೆಲಸದ ಹಣೆಬರಹವಿದೆ. ಎಂಜಲು ತುಸು ತಾಗಿದರೂ ರಾಳ ಕಚ್ಚಿಕೊಳ್ಳುವುದಿಲ್ಲ. ಮಕ್ಕಳ ನಾಲಗೆಗೆ ಸುಮ್ಮನಿರಲು ಬಾರದು, ಹೊಸದೇನಿದೆ ಎಂದು ಮುಟ್ಟಿ ನೋಡಲು ಬಂದೇ ಬರುತ್ತದೆ. ಸಹಾಯಕಿ ಎಂಜಲು ಹೀರುವ ನಳಿಗೆ ಹಿಡಿದಿರುತ್ತಾರೆ, ನಾನು "ಮೂಗಿನಲ್ಲಿ ಉಸಿರಾಡು ಕಂದಾ, ಆಯಿತು, ಆಯಿತು" ಎನ್ನುತ್ತಲೇ ಇರುತ್ತೇನೆ. ಒದ್ದೆಯಾಯಿತೆಂಬ ಅನುಮಾನ ಬಂದರೂ ಸಾಕು, ಮತ್ತೆ ಜೆಲ್ಲಿನಿಂದಲೇ ಆರಂಭ. ಹೊರಗೆ ಎಷ್ಟೇ ಜನ ಕಾದಿದ್ದರೂ ಇದರಲ್ಲಿ ರಾಜಿಯಿಲ್ಲ.

ರಾಳ ಗೀರಿನೊಳಗೆ ಹರಿದ ಮೇಲೆ ಗುಳ್ಳೆಗಳನ್ನು ಸೂಜಿಮೊನೆಯ ಸಲಕರಣೆಯಿಂದ ಒಡೆದು, ನೀಲಿ ಬೆಳಕು ಹಿಡಿದು ಗಟ್ಟಿಮಾಡುತ್ತೇನೆ. ನಂತರ ಅದೇ ಮೊನೆಯಿಂದ ಪದರವನ್ನು ಎಬ್ಬಿಸಲು ನೋಡುತ್ತೇನೆ. ಏಳುವುದಿದ್ದರೆ ನನ್ನ ಮುಂದೆಯೇ ಏಳಲಿ.

ವಸಡಿನಿಂದ ಅರ್ಧ ಮಾತ್ರ ಹೊರಬಂದ ಹಲ್ಲನ್ನು ಒಣಗಿಸಿಡುವುದು ಕಷ್ಟ. ಅದಕ್ಕೆ ತೇವ ಸಹಿಸುವ ಗ್ಲಾಸ್ ಅಯೋನೋಮರ್ ಎಂಬ ಹಲ್ಲಿನ ಸಿಮೆಂಟ್ ಹಚ್ಚುತ್ತೇನೆ. ಬೇಗ ಸವೆಯುತ್ತದೆ, ಆದರೂ ಹಲ್ಲು ಪೂರ್ತಿ ಬರುವತನಕ ಕಾಯುತ್ತದೆ.

ಹಲ್ಲುಗಳ ನಡುವಿನ ಸಂದಿಗೆ ಸೀಲೆಂಟಿನ ರಕ್ಷಣೆಯಿಲ್ಲ, ಆದ್ದರಿಂದ ದಿನಕ್ಕೆರಡು ಬಾರಿ ಉಜ್ಜುವುದು ತಪ್ಪುವಂತಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿದರೆ ಸವೆದ ಕಡೆ ಮತ್ತೆ ಹಚ್ಚಬಹುದು. 12ನೇ ವರ್ಷದ ಸುಮಾರಿಗೆ ಎರಡನೇ ದವಡೆ ಹಲ್ಲು ಬರುತ್ತದೆ, ಆಗ ತಪ್ಪದೆ ಕರೆತನ್ನಿ ಎಂದು ಮಗುವಿನ ಚೀಟಿಯಲ್ಲೇ ಬರೆದುಕೊಡುತ್ತೇನೆ.