ಗೌಂಡಿ ಕರೆಯುವ ಮೊದಲು: ಮನೆ ರಿಪೇರಿ ಮತ್ತು ಮನೆ ಟ್ಯಾಕ್ಸ್

ನಾನು ಕೊಪ್ಪಳದಲ್ಲಿ ಮನೆಗಳ ನಕ್ಷೆ ಬರೆದು ಎಸ್ಟಿಮೇಟ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಮಳೆಗಾಲ ಹತ್ತಿರ ಬಂತೆಂದರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಮಾಳಿಗೆ ಸೋರ್ತದ ಸರ್, ಆದ್ರ ಕೈ ಹಚ್ಚಿದ್ರ ಟ್ಯಾಕ್ಸ್ ಜಾಸ್ತಿ ಆಗ್ತದಂತ." ಈ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಜಂತಿ ಕೊಳೆಯುತ್ತವೆ, ಮಣ್ಣಿನ ಗೋಡೆ ನೆನೆದು ಕುಸಿಯುತ್ತವೆ. ಒಳಗೆ ಮಲಗಿದವರ ಜೀವದ ಪ್ರಶ್ನೆ ಇದು. ಸೋರುವ ಮಾಳಿಗೆ ಸರಿ ಮಾಡಿಸಿದ ಕಾರಣಕ್ಕೆ ತೆರಿಗೆ ಏರುವುದಿಲ್ಲ. ಏರುವುದು ಯಾವಾಗ ಅನ್ನೋದು ತಿಳಿದಿದ್ದರೆ ಧೈರ್ಯವಾಗಿ ಕೆಲಸ ಶುರು ಮಾಡಬಹುದು.

ನೀವು ರಿಪೇರಿಗೆ ಎಷ್ಟು ಖರ್ಚು ಮಾಡಿದಿರಿ ಅನ್ನೋದು ತೆರಿಗೆ ಲೆಕ್ಕದಲ್ಲಿ ಬರುವುದೇ ಇಲ್ಲ. ಅಲ್ಲಿ ಬರುವುದು ಜಾಗದ ಅಳತೆ, ಕಟ್ಟಡದ ಅಳತೆ, ಕಟ್ಟಡ ಯಾವ ಬಗೆಯದು, ಎಷ್ಟು ಹಳೆಯದು, ವಾಸಕ್ಕೋ ವ್ಯಾಪಾರಕ್ಕೋ ಅನ್ನೋದು. ಜಾಗದ ಬೆಲೆಗೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವೇ (ಸರ್ಕಾರ ಗೊತ್ತು ಮಾಡಿದ ಬೆಲೆ) ಆಧಾರ. ಕಟ್ಟಡ ಹಳೆಯದಾದಂತೆ ಸವಕಳಿ ಅಂತ ಒಂದಿಷ್ಟು ಕಳೆಯುತ್ತಾರೆ. ಮಾರ್ಗಸೂಚಿ ದರ ಏರಿದಾಗ ಅಥವಾ ತೆರಿಗೆ ದರವೇ ಏರಿದಾಗ ಎಲ್ಲರ ಟ್ಯಾಕ್ಸೂ ಏರುತ್ತದೆ. ಅದೇ ವರ್ಷ ಸುಣ್ಣ ಬಣ್ಣ ಮಾಡಿಸಿದವರು ಪಾಪ, ಬಣ್ಣದಿಂದಲೇ ಏರಿತು ಅಂದುಕೊಳ್ಳುತ್ತಾರೆ.

ಹಾಗಾಗಿ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು, ಕೊಳೆತ ಜಂತಿ ಬದಲಿಸುವುದು, ಗಿಲಾವು, ಬಣ್ಣ, ವೈರಿಂಗ್, ನಲ್ಲಿ ಪೈಪು, ಕಿಟಕಿ ಬಾಗಿಲು, ಆರ್‌ಸಿಸಿ (ಕಾಂಕ್ರೀಟ್ ಸ್ಲ್ಯಾಬ್) ಮೇಲೆ ವಾಟರ್‌ಪ್ರೂಫ್ ಬಳಿಸುವುದು, ಇವೆಲ್ಲ ಬರೀ ರಿಪೇರಿ. ಅಳತೆ ಬದಲಾಗದು, ಬಳಕೆ ಬದಲಾಗದು. ಸುಮ್ನೆ ಮಾಡಿಸಿ. ನೆಲದ ಪರ್ಸಿ ಕಲ್ಲು ಕಿತ್ತು ಗ್ರಾನೈಟ್ ಹಾಕಿಸುವವರು ಮಾತ್ರ ಒಂದು ಸಲ ಕೇಳಿಕೊಳ್ಳಿ. ದರಪಟ್ಟಿಯಲ್ಲಿ ಕಟ್ಟಡಕ್ಕೂ ದರ್ಜೆ ಇರುತ್ತದೆ. ನಿಮ್ಮ ಮನೆಯ ದರ್ಜೆ ಇದರಿಂದ ಬದಲಾಗುತ್ತದಾ ಅಂತ ಕಂದಾಯ ವಿಭಾಗದಲ್ಲಿ ವಿಚಾರಿಸಿದರೆ ಆಯಿತು.

ಅಳತೆಯೋ ಕಟ್ಟಡದ ಬಗೆಯೋ ಬದಲಾದರೆ ಲೆಕ್ಕ ಬೇರೆ. ಮಣ್ಣಿನ ಮಾಳಿಗೆ ಪೂರ್ತಿ ತೆಗೆದು ಸ್ಲ್ಯಾಬ್ ಹಾಕಿದರೆ ಕಟ್ಟಡದ ಬಗೆಯೇ ಬದಲಾಯಿತು. ಹಿತ್ತಲಲ್ಲಿ ರೂಮು ಕಟ್ಟಿದರೆ, ಮೇಲೆ ಮಹಡಿ ಏರಿಸಿದರೆ, ಮುಂದಿನ ಕಟ್ಟೆ ಸುತ್ತ ಗೋಡೆ ಎಬ್ಬಿಸಿ ಒಳಗೆ ಸೇರಿಸಿಕೊಂಡರೆ ಅಳತೆ ಬೆಳೆಯಿತು. ಆದರೆ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕದೆ ಹೆದರಬೇಡಿ. ಈಗ 600 ಚದರಡಿ ಮನೆ ಇದೆ, ಹಿಂದೆ 10 ಅಡಿಗೆ 12 ಅಡಿ ರೂಮು ಸೇರಿಸುತ್ತೀರಿ ಅಂದುಕೊಳ್ಳಿ. ಸೇರಿದ್ದು 120 ಚದರಡಿ, ಅಂದರೆ ಕಟ್ಟಡದ ಅಳತೆ ಐದರಲ್ಲಿ ಒಂದು ಪಾಲು ಹೆಚ್ಚಾಯಿತು. ಜಾಗ ಮೊದಲಿನಷ್ಟೇ ಇದೆ, ಅದರ ಪಾಲು ಏರುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೆರಿಗೆ ನಮೂನೆ ತುಂಬುವಾಗ ಹೊಸ ರೂಮಿನ ಅಳತೆ, ಕಟ್ಟಿದ ವರ್ಷ ಎರಡನ್ನೂ ಬೇರೆ ಸಾಲಿನಲ್ಲಿ ಬರೆಸಿ. ಎಲ್ಲ ಒಟ್ಟು ಸೇರಿಸಿ ಹೊಸ ವರ್ಷವನ್ನೇ ಹಾಕಿಬಿಟ್ಟರೆ ನಲವತ್ತು ವರ್ಷದ ಪಡಸಾಲೆಯೂ ಹೊಸ ಕಟ್ಟಡ ಆಗಿಬಿಡುತ್ತದೆ. ಹಳೆಯ ಭಾಗಕ್ಕೆ ಸಿಗಬೇಕಾದ ಸವಕಳಿ ಹೋಗುತ್ತದೆ. ನನ್ನ ಹತ್ತಿರ ಬಂದವರ ಚಲನ್‌ಗಳಲ್ಲಿ ಇದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ.

ಒಂದು ಇಟ್ಟಿಗೆ ಇಡದೆಯೂ ತೆರಿಗೆ ಏರಬಹುದು. ರಸ್ತೆ ಕಡೆಯ ರೂಮಿಗೆ ಶಟರ್ ಹಾಕಿ ಕಿರಾಣಿ ಅಂಗಡಿ ಇಟ್ಟರೆ ಅಷ್ಟು ಭಾಗಕ್ಕೆ ವಾಣಿಜ್ಯ ದರ ಬೀಳುತ್ತದೆ. ವಾಸದ ದರಕ್ಕಿಂತ ಅದು ಜಾಸ್ತಿ. ಆದರೆ ಅಂಗಡಿ ಇರುವಷ್ಟಕ್ಕೇ ಆ ದರ, ಇಡೀ ಮನೆಗಲ್ಲ. ಅಂಗಡಿ ಮುಚ್ಚಿದ ಮೇಲೆ ಅರ್ಜಿ ಕೊಟ್ಟು ವಾಸಕ್ಕೆ ಬದಲಿಸಿಕೊಳ್ಳುವುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ.

ತೆರಿಗೆ ಇಳಿಯುವ ಸಂದರ್ಭವೂ ಇದೆ. ಮಳೆಗೆ ಒಂದು ಕೋಣೆ ಬಿದ್ದರೆ ಕಟ್ಟಡದ ಅಳತೆ ಕಡಿಮೆ ಆಯಿತು ಅಲ್ವಾ? ಆದರೂ ಬಿದ್ದ ಕೋಣೆಗೆ ವರ್ಷಗಟ್ಟಲೆ ಟ್ಯಾಕ್ಸ್ ಕಟ್ಟುವವರಿದ್ದಾರೆ. ಬಿದ್ದ ತಕ್ಷಣ ಫೋಟೊ ತೆಗೆದಿಟ್ಟುಕೊಳ್ಳಿ. ಮಳೆ ಹಾನಿಯ ಪಂಚನಾಮೆ ಆಗಿದ್ದರೆ ಅದರ ನಕಲು ಇಟ್ಟು ಅಳತೆ ತಿದ್ದಲು ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ.

ಹೊಸ ರೂಮು, ಮಹಡಿಗೆ ಮೊದಲು ಕಟ್ಟಡ ಪರವಾನಗಿ ಬೇಕು. ಕೊಪ್ಪಳ, ಗಂಗಾವತಿಯಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಭಾಗ್ಯನಗರ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿಗೆ ಹೋಗಬೇಕು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ, ಅಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11 ನೋಡಿ. ಪರವಾನಗಿ ಇಲ್ಲದೆ ಕಟ್ಟಿ, ಅಳತೆ ಮುಚ್ಚಿಟ್ಟರೆ ಮುಂದೆ ಸಾಲಕ್ಕೋ ಮಾರಾಟಕ್ಕೋ ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ತೆಗೆಸುವಾಗ ಸಿಕ್ಕಿಬೀಳುತ್ತದೆ. ಆಗ ವ್ಯತ್ಯಾಸದ ಹಣದ ಜೊತೆ ದಂಡವೂ ಸೇರುತ್ತದೆ.

ಈಗ ಹಣ ಕಟ್ಟುವ ಮಾತು. ತೆರಿಗೆ ವರ್ಷ ಏಪ್ರಿಲ್ 1ಕ್ಕೆ ಶುರು. ಪಟ್ಟಣಗಳಲ್ಲಿ ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ಸುಗಳೂ ಸೇರುತ್ತವೆ, ಕಸದ ಶುಲ್ಕ ಬೇರೆ. ಚಲನ್ ಮೊತ್ತ ದೊಡ್ಡದಾಗಿ ಕಂಡರೆ ಮೊದಲು ಈ ಸಾಲುಗಳನ್ನು ಬಿಡಿಸಿ ನೋಡಿ, ಆಮೇಲೆ ಹಳೆಯ ಚಲನ್ ಪಕ್ಕದಲ್ಲಿಟ್ಟು ಅಳತೆ, ವರ್ಷ, ಬಳಕೆ ಮೂರನ್ನೂ ತಾಳೆ ಹಾಕಿ. ತಪ್ಪು ಕಂಡರೆ ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ.